ಮನೆಬಾಗಿಲಿಗೆ ಬಂದ ಬ್ಯಾಂಕು: ವ್ಯಾಪಾರದಲ್ಲಿ ಹೊಸತು ಹುಟ್ಟುವ ಬಗೆ

(ದತ್ತಿ ಉಪನ್ಯಾಸದ ಬರಹ ರೂಪ)



ಒಂದು ಲೆಕ್ಕದಿಂದ ಮಾತು ಶುರು ಮಾಡುತ್ತೇನೆ. ಒಬ್ಬ ನೇಕಾರ ದಿನಕ್ಕೆ ಎರಡಾಣೆಯಂತೆ ಕೂಡಿಡುತ್ತಾನೆ ಎಂದುಕೊಳ್ಳಿ. ಆಗ ರೂಪಾಯಿಗೆ 16 ಆಣೆ. ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ ಆಯಿತು. ವರ್ಷ ತುಂಬುವ ಹೊತ್ತಿಗೆ 45 ರೂಪಾಯಿ 10 ಆಣೆ. ಮಗಳ ಮದುವೆಗೋ, ಮಗ್ಗದ ರಿಪೇರಿಗೋ, ಮಳೆಗಾಲದ ಅಕ್ಕಿಗೋ ಒದಗುವ ಮೊತ್ತ ಅದು. ಆದರೆ ಎರಡಾಣೆ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತುವವರು ಯಾರು? ಹತ್ತಿದರೂ ಅದನ್ನು ಮರ್ಯಾದೆಯಿಂದ ಎಣಿಸಿಕೊಳ್ಳುವ ಗುಮಾಸ್ತ ಎಲ್ಲಿದ್ದ? 1928ರಲ್ಲಿ ಉಡುಪಿಯ ಒಂದು ಪುಟ್ಟ ಬ್ಯಾಂಕು ಈ ಪ್ರಶ್ನೆಯನ್ನು ತಿರುಗಿಸಿ ಹಾಕಿತು. ನೇಕಾರ ಬ್ಯಾಂಕಿಗೆ ಬರಲಾರ ಎಂದಾದರೆ ಬ್ಯಾಂಕೇ ಅವನ ಜಗಲಿಗೆ ಹೋಗಲಿ ಎಂದಿತು. ನಾವೆಲ್ಲ ಬಲ್ಲ ಪಿಗ್ಮಿ ಎಂಬ ದಿನವಹಿ ಉಳಿತಾಯ ಹುಟ್ಟಿದ್ದು ಹೀಗೆ.

ವ್ಯಾಪಾರ ಉದ್ದಿಮೆಗಳಲ್ಲಿ ಸೃಜನಶೀಲತೆಯನ್ನು ಬೆಳೆಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಸೃಜನಶೀಲತೆಯನ್ನು ನಾವು ಬಹುಮಟ್ಟಿಗೆ ಕವಿಗಳಿಗೂ ಕಲಾವಿದರಿಗೂ ಬಿಟ್ಟುಕೊಟ್ಟಿದ್ದೇವೆ. ವ್ಯಾಪಾರಿಗೆ ಅದರ ಗೊಡವೆ ಏಕೆ, ಆದಾಯ ಖರ್ಚು ಸರಿದೂಗಿದರೆ ಸಾಕಲ್ಲ ಎನ್ನುವವರು ಈಗಲೂ ಇದ್ದಾರೆ. ಇನ್ನೊಂದು ಕಡೆ, ಒಂದೇ ದಿನದ ಶಿಬಿರದಲ್ಲಿ ಅದನ್ನು ಕಲಿಸಿಕೊಡುತ್ತೇವೆ ಎಂದು ಶುಲ್ಕ ಪಡೆಯುವವರೂ ಹೆಚ್ಚುತ್ತಿದ್ದಾರೆ. ಹೋಟೆಲಿನ ಹಾಲ್, ಬಣ್ಣದ ಚೀಟಿಗಳು, ಎರಡು ಆಟ, ಊಟ, ಕೊನೆಗೊಂದು ಪ್ರಮಾಣಪತ್ರ. ಮರುದಿನ ಕಚೇರಿ ಮೊದಲಿದ್ದ ಹಾಗೇ ಇರುತ್ತದೆ, ಮ್ಯಾನೇಜರರ ಬಾಗಿಲೂ ಮೊದಲಿನ ಹಾಗೇ ಮುಚ್ಚಿರುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹೊಸ ಉಪಾಯ ಹೊಳೆಯುವುದು ಕೆಲಸಕ್ಕೆ ಹತ್ತಿರವಿದ್ದವರಿಗೆ, ಗಿರಾಕಿಯ ಮುಖ ದಿನವೂ ನೋಡುವವರಿಗೆ. ಅದನ್ನು ಉಳಿಸಿ ಬೆಳೆಸುವ ಹೊಣೆ ಮಾತ್ರ ಹಣ ಮತ್ತು ಅಧಿಕಾರ ಇದ್ದವರದು. ಅವರು ಕಿವಿ ಕೊಡಬೇಕು, ಸಣ್ಣದಾಗಿ ಮಾಡಿ ನೋಡಲು ಬಿಡಬೇಕು, ಫಲ ಬಂದಾಗ ಪಾಲು ಕೊಡಬೇಕು. ಉಪಾಯಗಳ ಬರ ನಮ್ಮಲ್ಲಿ ಯಾವತ್ತೂ ಇರಲಿಲ್ಲ. ನಮ್ಮ ಉದ್ದಿಮೆಗಳು ಸೋತದ್ದು ಈ ಹೊಣೆಯನ್ನು ಹೊರದೆ ಹೋದಾಗ.

ಪಿಗ್ಮಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕರಾವಳಿಗೆ ಬ್ಯಾಂಕು ಹೊಸದೇನೂ ಆಗಿರಲಿಲ್ಲ. 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕ್ ಆದ ಶಾಶ್ವತ ನಿಧಿಯನ್ನು ಕಟ್ಟಿದ್ದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಆರಂಭಿಸಿದ್ದರು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಬಂತು. ಮರುವರ್ಷ, 1925ರಲ್ಲಿ, ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬುದನ್ನು ಸ್ಥಾಪಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಕೈಮಗ್ಗದ ಕಸುಬು ಕುಸಿದು ನೇಕಾರರ ಮನೆಗಳು ಕಂಗೆಟ್ಟಿದ್ದ ಕಾಲ ಅದು. ಅವರಿಗೆ ನೆರವಾಗಬೇಕು, ಅದಕ್ಕೆ ಬೇಕಾದ ಹಣವನ್ನು ಊರಿನ ಸಣ್ಣ ಉಳಿತಾಯದಿಂದಲೇ ಎತ್ತಬೇಕು ಎಂಬುದು ಉದ್ದೇಶ.

ಮೂವರ ಕಸುಬು ಬೇರೆಬೇರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವೈದ್ಯನಾದವನು ಜನರ ಮನೆಯೊಳಗೆ ಹೋಗುತ್ತಾನೆ. ಯಾರ ಮನೆಯಲ್ಲಿ ಔಷಧಿಗೆ ದುಡ್ಡಿಲ್ಲ, ಯಾರು ಒಡವೆ ಅಡವಿಟ್ಟರು ಎಂಬುದು ಅವನಿಗೆ ತಿಳಿಯುತ್ತದೆ. ವ್ಯಾಪಾರಿಗೆ ಉದ್ದರಿಯ ನಡೆ ಗೊತ್ತು. ಎಂಜಿನಿಯರಿಗೆ ಒಂದು ಕೆಲಸವನ್ನು ದಿನವೂ ತಪ್ಪದಂತೆ ನಡೆಸುವ ವ್ಯವಸ್ಥೆ ಕಟ್ಟಲು ಗೊತ್ತು. ಪಿಗ್ಮಿಯಲ್ಲಿ ಈ ಮೂರೂ ತಿಳಿವಳಿಕೆಗಳ ಗುರುತು ನನಗೆ ಕಾಣುತ್ತದೆ.

ಬಿಡಿಬಿಡಿಯಾಗಿ ನೋಡಿದರೆ ಪಿಗ್ಮಿಯಲ್ಲಿ ಹೊಸದು ಏನೂ ಇಲ್ಲ. ಉಳಿತಾಯ ಹಳೆಯದು. ಮನೆಬಾಗಿಲಿಗೆ ಹೋಗುವುದೂ ಹಳೆಯದು, ಹಾಲಿನವರು, ಮೀನಿನವರು, ಬಳೆಗಾರರು ಎಲ್ಲ ಬಾಗಿಲಿಗೇ ಬರುತ್ತಿದ್ದರು. ದಿನವಹಿ ವಸೂಲಿ ಕೂಡ ಹೊಸದಲ್ಲ, ಲೇವಾದೇವಿಯವರು ಮಾಡುತ್ತಿದ್ದದ್ದು ಅದನ್ನೇ. ಲೇವಾದೇವಿಯವನು ಸಾಲದ ಕಂತಿಗಾಗಿ ಹತ್ತುತ್ತಿದ್ದ ಜಗಲಿಯನ್ನೇ ಬ್ಯಾಂಕಿನವನು ಹತ್ತಿ, ಅದೇ ಎರಡಾಣೆಯನ್ನು ಮನೆಯವರ ಹೆಸರಿಗೇ ಜಮಾ ಮಾಡಿದ. ಹಳೆಯ ದಾರಿಯಲ್ಲಿ ಹಣ ಹರಿಯುವ ದಿಕ್ಕು ಬದಲಾಯಿತು. ವ್ಯಾಪಾರದ ಸೃಜನಶೀಲತೆ ಹೆಚ್ಚಾಗಿ ಇಂಥದು. ಇದ್ದ ವಸ್ತುಗಳನ್ನೇ ಹೊಸದಾಗಿ ಜೋಡಿಸುವುದು, ಆದರೆ ಯಾರಿಗಾಗಿ ಜೋಡಿಸುತ್ತಿದ್ದೇವೆ ಎಂಬುದನ್ನು ಮರೆಯದೆ ಜೋಡಿಸುವುದು.

ಈಗಲೂ ಸಂಜೆ ಐದರ ಸುಮಾರಿಗೆ ನಮ್ಮ ಯಾವುದೇ ಪೇಟೆಯಲ್ಲಿ ಒಂದು ಗಳಿಗೆ ನಿಂತು ನೋಡಿ. ಸ್ಕೂಟರಿನಲ್ಲಿ ಪಿಗ್ಮಿ ಸಂಗ್ರಾಹಕರೊಬ್ಬರು ಬರುತ್ತಾರೆ. ಹೆಗಲಿಗೆ ಚೀಲ, ಕೈಯಲ್ಲಿ ರಸೀದಿ ಕೊಡುವ ಪುಟ್ಟ ಯಂತ್ರ. ಮೀನು ಹೆಚ್ಚುತ್ತಿರುವ ಹೆಂಗಸು ಕತ್ತಿ ಕೆಳಗಿಡುವುದೂ ಇಲ್ಲ, ಗಲ್ಲದಿಂದಲೇ ಡಬ್ಬದ ಕಡೆ ತೋರಿಸುತ್ತಾರೆ. ಸಂಗ್ರಾಹಕರು ಡಬ್ಬದಿಂದ ಐವತ್ತರ ನೋಟು ತೆಗೆದುಕೊಂಡು, ಯಂತ್ರ ಒತ್ತಿ, ಚೀಟಿಯನ್ನು ಅದೇ ಡಬ್ಬಕ್ಕೆ ಹಾಕಿ ಮುಂದಿನ ಅಂಗಡಿಗೆ ನಡೆಯುತ್ತಾರೆ. ಪಕ್ಕದವರು, "ಇವತ್ತು ವ್ಯಾಪಾರ ಇಲ್ಲ ಮಾರಾಯ್ರೆ, ನಾಳೆ ಎರಡು ದಿನದ್ದು ಒಟ್ಟಿಗೆ ಕೊಡ್ತೇನೆ" ಎನ್ನುತ್ತಾರೆ. "ಆಯ್ತು ಅಕ್ಕ" ಎಂದಷ್ಟೇ ಉತ್ತರ. ಇಡೀ ವ್ಯವಹಾರ ಅರ್ಧ ನಿಮಿಷದ್ದು. ಆ ಅರ್ಧ ನಿಮಿಷದಲ್ಲಿ ಸಂಗ್ರಾಹಕರಿಗೆ ತಿಳಿದದ್ದನ್ನು ಯಾವ ಅರ್ಜಿ ನಮೂನೆಯೂ ತಿಳಿಸಲಾರದು. ಯಾರ ಅಂಗಡಿ ಕುಂಟುತ್ತಿದೆ, ಯಾರು ಮಾತಿಗೆ ತಪ್ಪುವವರಲ್ಲ, ಯಾರ ಮನೆಯಲ್ಲಿ ಕಾಯಿಲೆ. ಕಾಗದಪತ್ರ ಇಲ್ಲದ ಜನರಿಗೆ ಸಾಲ ಕೊಡಬಹುದೇ ಎಂದು ಬ್ಯಾಂಕು ಕೇಳಿಕೊಂಡಾಗ ಉತ್ತರ ಪಿಗ್ಮಿ ಪುಸ್ತಕದಲ್ಲೇ ಇರುತ್ತಿತ್ತು. ವರ್ಷವಿಡೀ ದಿನ ತಪ್ಪದೆ ಕಟ್ಟಿದವರು ಸಾಲದ ಕಂತನ್ನೂ ಕಟ್ಟುತ್ತಾರೆ.

ಪಿಗ್ಮಿಯನ್ನು ತಂದ ಆ ಉಡುಪಿಯ ಬ್ಯಾಂಕು 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು. ಪಿಗ್ಮಿ ಮಾತ್ರ ನಮ್ಮ ನೂರಾರು ಸಹಕಾರಿ ಸಂಘಗಳಲ್ಲಿ ಉಳಿದಿದೆ.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅದನ್ನು ಬಿಟ್ಟು ಪಿಗ್ಮಿಯನ್ನು ಹೊಗಳುವುದು ನ್ಯಾಯವಲ್ಲ. ಬಿಸಿಲು ಮಳೆ ಎನ್ನದೆ ಬಾಗಿಲಿಂದ ಬಾಗಿಲಿಗೆ ನಡೆದ ಆ ಸಂಗ್ರಾಹಕರು ಬ್ಯಾಂಕಿನ ನೌಕರರಾಗಿರಲಿಲ್ಲ. ಅವರಿಗೆ ಸಿಗುತ್ತಿದ್ದದ್ದು ಕಮಿಷನ್. ನಾವು ಕೆಲಸಗಾರರೋ ಅಲ್ಲವೋ ಎಂಬ ಅವರ ಪ್ರಶ್ನೆ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅವರು ಕೆಲಸಗಾರರೇ, ಅವರ ಕಮಿಷನ್ ಕೂಲಿಯ ಸ್ವರೂಪದ್ದೇ ಎಂದು ಕೋರ್ಟು ಹೇಳಿದ್ದು 2001ರಲ್ಲಿ. ಯೋಜನೆ ಶುರುವಾದದ್ದು 1928ರಲ್ಲಿ ಎಂಬುದನ್ನು ನೆನಪಿಡಿ. ಹೊಸ ಯೋಚನೆಯೊಂದು ಎಪ್ಪತ್ತು ವರ್ಷ ಫಲ ಕೊಟ್ಟ ಮೇಲೂ ಅದನ್ನು ಹೊತ್ತು ನಡೆದವರು ತಮ್ಮ ಪಾಲಿಗಾಗಿ ಕಟಕಟೆ ಹತ್ತಬೇಕಾಯಿತು ಎಂಬುದು ನನ್ನನ್ನು ಬಹಳ ನೋಯಿಸಿದ ಸಂಗತಿ.

ಕಷ್ಟ ಬಂದಾಗ ಸೃಜನಶೀಲತೆ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮೈಸೂರು ಸ್ಯಾಂಡಲ್ ಸೋಪನ್ನು ಅದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ಶ್ರೀಗಂಧದ ಕೊರಡು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುತ್ತಿದ್ದದ್ದು ಅಲ್ಲಿ. ಯುದ್ಧ ಶುರುವಾದಾಗ ರಫ್ತು ನಿಂತಿತು, ಗೋದಾಮುಗಳಲ್ಲಿ ಗಂಧ ರಾಶಿ ಬಿತ್ತು. 1916ರಲ್ಲಿ ಮೈಸೂರು ಸರ್ಕಾರ ಇಲ್ಲೇ ಗಂಧದೆಣ್ಣೆ ತೆಗೆಯಲು ತೊಡಗಿತು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಬಂತು. ಕಷ್ಟ ಬಂತು, ಉಪಾಯ ಹೊಳೆಯಿತು ಎಂದು ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ನಡುವೆ ಏನೇನಿತ್ತು ಎಂಬುದೇ ಮುಖ್ಯ. ಬೆಂಗಳೂರಿನಲ್ಲಿ 1909ರಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ವಿಜ್ಞಾನ ಸಂಸ್ಥೆ ಸ್ಥಾಪನೆಯಾಗಿತ್ತು. ಅಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಪ್ರಯೋಗ ಮಾಡಿ ತೋರಿಸಿದರು. ಕೈಗಾರಿಕಾ ಇಲಾಖೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಇದ್ದರು. ದಿವಾನರು ವಿಶ್ವೇಶ್ವರಯ್ಯ, ಸಿಂಹಾಸನದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನ ಶಾಸ್ತ್ರಜ್ಞರನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿಕೊಟ್ಟರು. ಅವರು ಕಲಿತು ಬಂದು ಗಂಧದೆಣ್ಣೆಯ ಸಾಬೂನು ಮಾಡಿದರು, ಅದಕ್ಕೆ ಎಲ್ಲರ ಸೋಪಿನಂತೆ ಚೌಕ ರೂಪ ಕೊಡದೆ ಮೊಟ್ಟೆಯಾಕಾರ ಕೊಟ್ಟರು, ಆನೆಯ ತಲೆ ಸಿಂಹದ ಮೈಯ ಶರಭವನ್ನು ಗುರುತಾಗಿ ಇಟ್ಟರು. ಅಂದರೆ ಯುದ್ಧ ಬಾಗಿಲು ಬಡಿಯುವ ಮುಂಚೆಯೇ ಪ್ರಯೋಗಾಲಯ ಇತ್ತು, ಇಲಾಖೆ ಇತ್ತು, ಒಬ್ಬ ತರುಣನ ಮೇಲೆ ಖರ್ಚು ಮಾಡುವ ಮನಸ್ಸೂ ಇತ್ತು. ಬಿತ್ತದ ಗದ್ದೆಯಲ್ಲಿ ಎಷ್ಟು ಮಳೆ ಸುರಿದರೂ ಬೆಳೆಯುವುದು ಕಳೆ ಮಾತ್ರ.

ಬೆಂಗಳೂರಿನ ಎಂ.ಟಿ.ಆರ್. ಕಥೆಯೂ ಅಂಥದೇ. ಉಡುಪಿ ಕಡೆಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಕಟ್ಟಿದ ಹೋಟೆಲು ಅದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆ ಇಡ್ಲಿ ಮಾಡಿದೆವು ಎಂದು ಆ ಹೋಟೆಲಿನವರು ಹೇಳುತ್ತಾರೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳಿಗೆ ಸರ್ಕಾರ ಅಗ್ಗದ ದರ ನಿಗದಿ ಮಾಡಿದಾಗ ರುಚಿ ಕೆಡಿಸಿ ಹೋಟೆಲು ನಡೆಸುವ ದಾರಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಹೋಟೆಲು ಮುಚ್ಚಿದರೆ ಕೆಲಸದವರ ಗತಿ ಏನು ಎಂಬ ಚಿಂತೆಯಿಂದ ಪುಡಿಗಳನ್ನೂ ತಿಂಡಿ ಹಿಟ್ಟುಗಳನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. ಇವತ್ತು ಜಗತ್ತಿನಾದ್ಯಂತ ಕನ್ನಡಿಗರ ಅಡುಗೆಮನೆಯಲ್ಲಿ ಕಾಣುವ ಆ ಪೊಟ್ಟಣದ ಹಿಂದೆ ಕೆಲಸದವರನ್ನು ಕೈಬಿಡಲಾರೆ ಎಂಬ ಹಟವಿದೆ. ಅದೇ ದರ ನಿಯಂತ್ರಣ ಊರಿನ ಎಲ್ಲ ಹೋಟೆಲುಗಳ ಮೇಲೂ ಬಂದಿತ್ತು, ಕಷ್ಟವೊಂದೇ ಸಾಲದು ಎಂಬುದನ್ನು ಮರೆಯಬಾರದು.

ಇನ್ನು ಸೋಲಿನ ಒಂದು ಕಥೆ. ಎಚ್‌ಎಂಟಿ ಎಂದರೆ ನನ್ನ ತಲೆಮಾರಿನವರಿಗೆ ಗಡಿಯಾರವೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಶುರುವಾಯಿತು. ಜನತಾ, ಪೈಲಟ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ. ತುಮಕೂರಿನಲ್ಲೂ ಕಾರ್ಖಾನೆ ಬಂತು. ಬೇಡಿಕೆ ಎಷ್ಟಿತ್ತೆಂದರೆ ಗಡಿಯಾರಕ್ಕಾಗಿ ಜನ ಕಾಯುತ್ತಿದ್ದರು.

ಕೀಲಿ ಕೊಡದ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರ ಎಚ್‌ಎಂಟಿಗೆ ತಿಳಿಯದ ವಿದ್ಯೆಯಾಗಿರಲಿಲ್ಲ. 1980ರ ದಶಕದ ಆರಂಭದಲ್ಲೇ ಅವರು ಅದನ್ನು ತಯಾರಿಸಿದ್ದರು. ನುರಿತ ಎಂಜಿನಿಯರುಗಳು, ಹೊಸ ಬಗೆಯ ಗಡಿಯಾರ, ಊರೂರಿನಲ್ಲಿ ಹೆಸರು, ಎಲ್ಲವೂ ಅವರಲ್ಲಿತ್ತು. ಆದರೆ ಕಾರ್ಖಾನೆಗಳ ಮೈಯೆಲ್ಲ ಕೀಲಿಯ ಗಡಿಯಾರಕ್ಕೆ ಒಗ್ಗಿತ್ತು, ಮಾಡಿದ್ದೆಲ್ಲ ಮಾರಾಟವಾಗುತ್ತಿತ್ತು. ಹಾಗಿರುವಾಗ ಬದಲಾಗೋಣ ಎನ್ನುವವನ ಮಾತು ಯಾರ ಕಿವಿಗೆ ಬೀಳುತ್ತದೆ?

1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಟೈಟನ್ ಕಂಪನಿ ಕಟ್ಟಿದವು. ಕಾರ್ಖಾನೆ ಬೆಂಗಳೂರಿಗೆ ಕೂಗಳತೆಯಲ್ಲಿರುವ ಹೊಸೂರಿನಲ್ಲಿ. ಮುಂದಾಳು ಜರ್ಕ್ಸಸ್ ದೇಸಾಯಿ. ಅವರು ಪಣ ಕಟ್ಟಿದ್ದು ಕ್ವಾರ್ಟ್ಸ್ ಮೇಲೆ. ಗಡಿಯಾರವನ್ನು ಅವರು ಹೊತ್ತು ತಿಳಿಸುವ ಯಂತ್ರ ಎಂದಷ್ಟೇ ನೋಡಲಿಲ್ಲ, ಉಡುಗೊರೆಯಾಗಿ, ಒಡವೆಯಾಗಿ ನೋಡಿದರು. ಸೆಕೆಯ ಗಲ್ಲಿಯ ಗಾಜಿನ ಪೆಟ್ಟಿಗೆಯಿಂದ ಅದನ್ನು ಎತ್ತಿ ದೀಪ ಹಾಕಿದ ಷೋರೂಮಿನಲ್ಲಿ ಇಟ್ಟರು. ಮುಂದೆ 2002ರಲ್ಲಿ ಹೊಸೂರಿನವರು ಎಡ್ಜ್ ಎಂಬ ಗಡಿಯಾರ ಹೊರತಂದರು. ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಅಷ್ಟು ತೆಳುವಾದ ಗಡಿಯಾರಕ್ಕೆ ನೀರು ಇಳಿಯದಂತೆ ಮಾಡುವುದು ಆಗದ ಮಾತು ಎಂದು ಗಡಿಯಾರದ ತವರಿನವರೇ ಹೇಳುತ್ತಿದ್ದ ಕೆಲಸ ಅದು. ಎಂಜಿನಿಯರುಗಳ ಒಂದು ತಂಡ ವರ್ಷಗಟ್ಟಲೆ ಅದರ ಹಿಂದೆ ಬಿದ್ದಿತ್ತು, ಕಂಪನಿ ಅಷ್ಟೂ ವರ್ಷ ಆ ತಂಡದ ಬೆನ್ನಿಗೆ ನಿಂತಿತ್ತು.

ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಂಪನಿ, ಅದಕ್ಕೇ ಸೋತಿತು ಎನ್ನುವುದು ಸುಲಭದ ತೀರ್ಪು. ನಾನು ಅದನ್ನು ಒಪ್ಪುವುದಿಲ್ಲ. ಮೈಸೂರು ಸ್ಯಾಂಡಲ್ ಸೋಪನ್ನು ಮಾಡಿದ್ದೂ ಸರ್ಕಾರವೇ, ಟೈಟನ್ನಿನಲ್ಲೂ ಒಂದು ಸರ್ಕಾರದ ಪಾಲಿತ್ತು. ಎಚ್‌ಎಂಟಿಯ ಕೆಲಸಗಾರರ ಕೈಯಲ್ಲಿ ಕುಶಲತೆಗೆ ಕೊರತೆ ಇರಲಿಲ್ಲ. ಒಳ್ಳೆಯ ದಿನಗಳಲ್ಲಿ ಗೆಲುವೇ ಕಿವಿಗೆ ಅಡ್ಡ ನಿಂತಿತು, ಕೆಟ್ಟ ದಿನಗಳಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಕಾರ್ಖಾನೆಯ ಅಂಗಳದಿಂದ ಬಹಳ ದೂರ ಇದ್ದರು. ಖಾಸಗಿ ಸಂಸ್ಥೆಗಳಿಗೂ ಇದೇ ರೋಗ ತಗಲುವುದನ್ನು ನಾವು ದಿನವೂ ನೋಡುತ್ತಿದ್ದೇವೆ.

ಹಾಗಾದರೆ ಬೆಳೆಸುವುದು ಹೇಗೆ? ಇಲ್ಲಿ ಸಂಶೋಧಕರು ತೋರಿಸಿಕೊಟ್ಟ ಕೆಲವು ವಿಷಯಗಳು ನಮ್ಮ ವಾಡಿಕೆಗೆ ವಿರುದ್ಧವಾಗಿವೆ. ನಾವು ಮಾಡುವ ಮೊದಲ ಕೆಲಸ ಸಭೆ ಕರೆಯುವುದು. ಎಲ್ಲರೂ ಸುತ್ತ ಕೂತು ತೋಚಿದ್ದನ್ನು ಹೇಳಲಿ, ಯಾರೂ ಟೀಕಿಸಬಾರದು ಎಂಬ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್‌ಬರ್ನ್, 1953ರ ತಮ್ಮ ಪುಸ್ತಕದಲ್ಲಿ. ಐದೇ ವರ್ಷಕ್ಕೆ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಟೇಲರ್, ಬೆರ್ರಿ, ಬ್ಲಾಕ್ ಎಂಬ ಮೂವರು ಅದನ್ನು ಪರೀಕ್ಷಿಸಿದರು. ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ ನಾಲ್ವರು ಬೇರೆಬೇರೆ ಕೂತು ಬರೆದದ್ದನ್ನು ಒಟ್ಟು ಮಾಡಿದಾಗ ಉಪಾಯಗಳು ಸಂಖ್ಯೆಯಲ್ಲೂ ಗುಣದಲ್ಲೂ ಹೆಚ್ಚಿದ್ದವು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಇಬ್ಬರು ಇದರ ಕಾರಣ ಹುಡುಕಿದರು. ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ತಮಗೆ ಹೊಳೆದದ್ದು ಜಾರಿಹೋಗುತ್ತದೆ. ನಮ್ಮ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ಸೇರಿಸಬೇಕು. ಸಾಹೇಬರು ಮೊದಲು ಬಾಯಿಬಿಟ್ಟರೆ ಮುಗಿಯಿತು, ಆಮೇಲೆ ಬರುವುದೆಲ್ಲ "ಹೌದು ಸಾರ್". ಆದ್ದರಿಂದ ಸಭೆಗೆ ಮುಂಚೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತು ಬರೆಯಲಿ, ಆಮೇಲೆ ಸೇರಿ ಚರ್ಚಿಸಲಿ, ಹಿರಿಯರು ಕೊನೆಯಲ್ಲಿ ಮಾತಾಡಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾರ್ವರ್ಡಿನ ಟೆರೇಸಾ ಅಮಾಬಿಲೆಯವರ ಕೆಲಸವನ್ನು ವಾಣಿಜ್ಯ ವಿದ್ಯಾರ್ಥಿಗಳು ಓದಲೇಬೇಕು. 1985ರಲ್ಲಿ ಅವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ 72 ಮಂದಿ ಬರಹಗಾರರಿದ್ದರು. ಕೆಲವರಿಗೆ ಬರೆಯುವುದಕ್ಕೆ ಮುಂಚೆ, ಹಣ, ಹೆಸರು, ಇತರರ ಮೆಚ್ಚುಗೆಯಂಥ ಕಾರಣಗಳನ್ನು ಕೆಲವು ನಿಮಿಷ ಯೋಚಿಸುವಂತೆ ಮಾಡಿದರು. ಅವರು ಬರೆದ ಪದ್ಯಗಳು ಉಳಿದವರ ಪದ್ಯಗಳಿಗಿಂತ ಸಪ್ಪೆಯಾಗಿದ್ದವೆಂದು, ಯಾರು ಬರೆದದ್ದೆಂದು ತಿಳಿಯದ ತೀರ್ಪುಗಾರರು ಹೇಳಿದರು. ಮುಂದೆ ಏಳು ಕಂಪನಿಗಳ 238 ಜನರಿಂದ ದಿನಚರಿ ಬರೆಯಿಸಿ ಸುಮಾರು 12,000 ದಿನಗಳ ಬರಹವನ್ನು ಅವರೂ ಸ್ಟೀವನ್ ಕ್ರೇಮರ್ ಅವರೂ ಪರಿಶೀಲಿಸಿದರು. ಅರ್ಥವುಳ್ಳ ಕೆಲಸದಲ್ಲಿ ಇವತ್ತು ಒಂದು ಹೆಜ್ಜೆ ಮುಂದೆ ಹೋದೆ ಎಂಬ ಅನುಭವವೇ ಜನರನ್ನು ಎಲ್ಲಕ್ಕಿಂತ ಹೆಚ್ಚು ಹುರಿದುಂಬಿಸಿತ್ತು. ವಿಪರೀತ ಅವಸರದ ದಿನಗಳಲ್ಲಿ ತಾವು ಸೃಜನಶೀಲರಾಗಿದ್ದೆವೆಂದು ಅವರಿಗೆ ಅನಿಸುತ್ತಿತ್ತು. ಬರೆದದ್ದನ್ನು ನೋಡಿದರೆ ನಿಜ ಅದಕ್ಕೆ ತದ್ವಿರುದ್ಧವಾಗಿತ್ತು.

ಇದರ ಅರ್ಥ ಹಣ ಕೊಡಬೇಡಿ ಎಂದಲ್ಲ. ಕೆಲವು ಮಾಲೀಕರಿಗೆ ಹಾಗೆ ಕೇಳಿಸುವುದುಂಟು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸಂಬಳ ನ್ಯಾಯವಾಗಿರಬೇಕು, ಪಾಲು ನ್ಯಾಯವಾಗಿರಬೇಕು. ಹಣದ ಚಿಂತೆಯೇ ತಲೆ ತುಂಬಿಕೊಂಡವನಿಗೆ ಕೆಲಸದ ಮೇಲೆ ಮನಸ್ಸು ನಿಲ್ಲುವುದಾದರೂ ಹೇಗೆ? ಕೆಲಸದ ಹೊತ್ತಿನಲ್ಲಿ ಬಹುಮಾನದ ಆಸೆ ತೋರಿಸಿ, ಗಡುವಿನ ಚಾಟಿ ಬೀಸಿ ಹೊಸದನ್ನು ಹಿಂಡಿ ತೆಗೆಯುತ್ತೇವೆ ಎಂಬುದು ಮಾತ್ರ ಭ್ರಮೆ.

ಇನ್ನು ಸಲಹಾ ಪೆಟ್ಟಿಗೆ. ನಮ್ಮಲ್ಲಿ ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಬೀಗ ಹಾಕಿದ ಪೆಟ್ಟಿಗೆಯೊಂದು ತೂಗುತ್ತಿರುತ್ತದೆ. ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾದ ಮೂಲ ಕಂಪನಿಯಲ್ಲೂ ಇಂಥದೇ ಏರ್ಪಾಡು 1951ರಲ್ಲಿ ಶುರುವಾಯಿತು. ಅದಕ್ಕೆ ಹಿಂದಿನ ವರ್ಷ ಎಯಿಜಿ ಟೊಯೋಡಾ ಮತ್ತು ಶೋಇಚಿ ಸೈತೊ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯಲ್ಲಿ ಸಲಹೆ ಪಡೆಯುವ ಕ್ರಮವನ್ನು ನೋಡಿ ಬಂದಿದ್ದರು. ಫೋರ್ಡಿನಿಂದ ಕಲಿತದ್ದೇ ಆದರೂ ಜಪಾನಿನವರು ಅದನ್ನು ಬೇರೆಯೇ ಮಾಡಿದರು. ದೊಡ್ಡ ಆವಿಷ್ಕಾರಕ್ಕೆ ಕಾಯುವುದಿಲ್ಲ. ನಟ್ಟಿನ ಡಬ್ಬ ಎರಡು ಅಡಿ ಹತ್ತಿರ ಬಂದರೆ ಬಗ್ಗುವುದು ತಪ್ಪುತ್ತದೆ ಎಂಬಷ್ಟು ಸಣ್ಣದೂ ಅಲ್ಲಿ ಸಲಹೆಯೇ. ಸಲಹೆ ಬರೆಯಲು ಮೇಲ್ವಿಚಾರಕ ನೆರವಾಗುತ್ತಾನೆ, ಮಾಡಿ ನೋಡಲು ಜೊತೆಗೆ ನಿಲ್ಲುತ್ತಾನೆ. ಬಹುಮಾನ ಸಣ್ಣದು. ಉತ್ತರ ಮಾತ್ರ ಬಂದೇ ಬರುತ್ತದೆ. ಏಳು ದಶಕ ಕಳೆದರೂ ಆ ಪದ್ಧತಿ ನಡೆಯುತ್ತಿರುವುದಕ್ಕೆ ಆ ಉತ್ತರವೇ ಕಾರಣ ಎಂದು ನನ್ನ ನಂಬಿಕೆ. ಕೆಲಸಗಾರ ಒಮ್ಮೆ ಹೇಳುತ್ತಾನೆ, ಎರಡನೆಯ ಸಲ ಹೇಳುತ್ತಾನೆ. ಎರಡು ಸಲವೂ ಮೌನವೇ ಉತ್ತರವಾದರೆ ಮೂರನೆಯ ಸಲ ಅವನು ತನ್ನ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಬರುತ್ತಾನೆ.

ಪಾಲಿನ ಮಾತಿಗೆ ಬಂದಾಗ ನಮ್ಮ ಜಿಲ್ಲೆಗಳ ಒಂದು ಒಳ್ಳೆಯ ಉದಾಹರಣೆಯನ್ನು ಹೇಳಲೇಬೇಕು. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಘ ಹುಟ್ಟಿತು. ಆಮೇಲೆ ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕೈಚೆಲ್ಲುವಂತಾದಾಗ ಕ್ಯಾಂಪ್ಕೊ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಡಿಕೆ ತೋಟದ ನಡುವೆ ಕೊಕ್ಕೋ ನೆಟ್ಟವರೇ ಆ ಕಾರ್ಖಾನೆಯ ಒಡೆಯರು. ಬೆಳೆಗಾರರ ಸಂಘಕ್ಕೆ ಚಾಕೊಲೇಟಿನ ಉಸಾಬರಿ ಏಕೆ ಎಂದು ಕೈಕಟ್ಟಿ ಕೂತಿದ್ದರೆ ಎಷ್ಟೋ ತೋಟಗಳಲ್ಲಿ ಕೊಕ್ಕೋ ಗಿಡಗಳು ಕಡಿದು ಹೋಗುತ್ತಿದ್ದವು.

ಈ ಸಭೆಯಲ್ಲಿ ಅಂಗಡಿ ಇಟ್ಟವರಿದ್ದೀರಿ, ಗೇರುಬೀಜದ ಕಾರ್ಖಾನೆ ನಡೆಸುವವರಿದ್ದೀರಿ, ಸಂಘಗಳ ಆಡಳಿತ ಮಂಡಳಿಯಲ್ಲಿ ಇರುವವರಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇದು. ಈ ವರ್ಷದ ಆಯವ್ಯಯ ಪತ್ರದಲ್ಲಿ ಕೆಲಸದವರ ಪ್ರಯೋಗಗಳಿಗೆ ಎಂದು ಒಂದು ಬಾಬ್ತು ಬರೆಯಿರಿ. ಮೊತ್ತ ನಿಮ್ಮ ಶಕ್ತಿಗೆ ತಕ್ಕಂತೆ ಇರಲಿ, ನಷ್ಟವಾದರೂ ಯಾರನ್ನೂ ಕಟಕಟೆಗೆ ನಿಲ್ಲಿಸಬೇಕಾಗದಷ್ಟು ಸಣ್ಣದಿರಲಿ. ಯಾರು ಏನು ಸೂಚಿಸಿದರೂ ಎಂಟು ದಿನದೊಳಗೆ ಉತ್ತರ ಕೊಡಿ. ಆಗುವುದಿಲ್ಲ ಎಂದಾದರೆ ಏಕೆ ಎಂದು ಹೇಳಿ. ಆದದ್ದಕ್ಕೆ ಸೂಚಿಸಿದವರ ಹೆಸರು ಇಡಿ, ಉಳಿತಾಯವಾದ ಹಣದಲ್ಲಿ ಅವರಿಗೆ ಪಾಲು ಕೊಡಿ, ಅದನ್ನು ಮಹಾಸಭೆಯ ವರದಿಯಲ್ಲಿ ಮುದ್ರಿಸಿ. ಲೆಕ್ಕಪತ್ರ ನೋಡುವವರು ಆಗಾಗ ಕೌಂಟರಿನ ಹೊರಗೆ ಬಂದು ಗಿರಾಕಿಗಳ ಸಾಲಿನಲ್ಲಿ ನಿಲ್ಲಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪ್ರಾಜೆಕ್ಟ್ ವರದಿಗೆ ಅಂತರ್ಜಾಲದಿಂದ ದೂರದ ಕಂಪನಿಗಳ ಕಥೆ ಇಳಿಸಿಕೊಳ್ಳುವುದನ್ನು ಒಂದು ವರ್ಷ ಬಿಡಿ. ನಿಮ್ಮೂರಿನ ಒಂದು ಗ್ಯಾರೇಜಿಗೆ, ಒಂದು ಬೇಕರಿಗೆ, ಒಂದು ಮೀನು ಸಂಸ್ಕರಣ ಘಟಕಕ್ಕೆ ಹೋಗಿ. ಅಲ್ಲಿ ಕೆಲಸ ಮಾಡುವವರನ್ನು, "ಇಲ್ಲಿ ಏನು ಬದಲಾದರೆ ಒಳ್ಳೆಯದು, ನೀವು ಅದನ್ನು ಯಾರಿಗೆ ಹೇಳಿದಿರಿ, ಅವರು ಏನೆಂದರು?" ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ವರದಿಗಳನ್ನು ನಿಮ್ಮ ಅಧ್ಯಾಪಕರು ಒಟ್ಟು ಮಾಡಿ ಊರಿನ ವರ್ತಕರ ಸಂಘದ ಮುಂದೆ ಇಡಲಿ. ವರ್ತಕರ ಸಂಘದ ಪದಾಧಿಕಾರಿಗಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರು ಇದಕ್ಕೆ ಒಪ್ಪಬೇಕೆಂದು ಎಲ್ಲರ ಪರವಾಗಿ ಕೇಳಿಕೊಳ್ಳುತ್ತೇನೆ.